ಜಾಣ ಯಂತ್ರಕ್ಕೂ ಲೆಕ್ಕ ತಪಾಸಣೆ ಬೇಕು

(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಾಗ ಕೃತಕ ಬುದ್ಧಿಮತ್ತೆಯ ಮಾತು ಯಾಕ ತಂದ್ರಿ ಅಂತ ನೀವು ಕೇಳಬಹುದು. ಕಾರಣ ಐತಿ. ಹೋದ ಹಂಗಾಮಿನಲ್ಲಿ ನಮ್ಮಲ್ಲೊಬ್ಬರು ದ್ರಾಕ್ಷಿ ಪಡದ ಎಲೆಯ ಫೋಟೋ ತೆಗೆದು ಮೊಬೈಲಿನ ಜಾಣ ಯಂತ್ರಕ್ಕೆ ತೋರಿಸಿದರು. ಅದು ರೋಗದ ಹೆಸರು, ಔಷಧ, ಲೀಟರಿಗೆ ಎಷ್ಟು ಎಂಬುದನ್ನೆಲ್ಲ ಒಳ್ಳೆಯ ಕನ್ನಡದಲ್ಲೇ ಹೇಳಿತು. ಸಿಂಪಡಿಸುವ ಮೊದಲು ಡಬ್ಬಿಯ ಮೇಲಿನ ಚೀಟಿ ಓದಿದರೆ ಪ್ರಮಾಣವೇ ಬೇರೆ! ಚೀಟಿ ಓದದಿದ್ದರೆ ಬೆಳೆಯ ಗತಿ ಏನಾಗುತ್ತಿತ್ತು? ಯಂತ್ರ ತಪ್ಪಿದ್ದು ದೊಡ್ಡ ಮಾತಲ್ಲ, ಮನುಷ್ಯರೂ ತಪ್ಪುತ್ತೇವೆ. ಆದರೆ ಅದು ತಪ್ಪನ್ನೂ ಸರಿಯಷ್ಟೇ ಗಟ್ಟಿಯಾಗಿ ಹೇಳಿತು. ಭಯ ಇರುವುದು ಅಲ್ಲಿ.

ಹಳೆಯ ಕಂಪ್ಯೂಟರ್ ನಾವು ಬರೆದುಕೊಟ್ಟ ನಿಯಮದಂತೆ ನಡೆಯುತ್ತಿತ್ತು. ಈ ಹೊಸ ಯಂತ್ರ ಕೋಟಿಗಟ್ಟಲೆ ಬರಹ ನೋಡಿ ತಾನೇ ಕಲಿಯುತ್ತದೆ. ಹೀಗಾಗಿ ಒಂದು ಉತ್ತರ ಯಾಕೆ ಕೊಟ್ಟಿತು ಎಂದು ಕಟ್ಟಿದವರಿಗೂ ಪೂರ್ತಿ ಹೇಳಲು ಬರುವುದಿಲ್ಲ. ಇಂದು ಅದು ಹೆಚ್ಚಾಗಿ ಮಾತು ಹೇಳುತ್ತದೆ, ಮನುಷ್ಯರ ಪರವಾಗಿ ಕೆಲಸ ಮಾಡುವುದನ್ನೂ ಶುರು ಮಾಡಿದೆ. ನಾಳೆ ಹಣ ಕಳಿಸುವುದು, ವಿದ್ಯುತ್ ಜಾಲ ನಡೆಸುವುದು ಅದರ ಕೈಗೆ ಹೋದರೆ? ಈ ವಿದ್ಯೆಗೆ ಬುನಾದಿ ಹಾಕಿದವರಲ್ಲೊಬ್ಬರಾದ ಜೆಫ್ರಿ ಹಿಂಟನ್, ಅಪಾಯದ ಬಗ್ಗೆ ಮುಕ್ತವಾಗಿ ಮಾತಾಡಲೆಂದು 2023ರಲ್ಲಿ ಗೂಗಲ್ ಬಿಟ್ಟರು. 2024ರಲ್ಲಿ ಅವರಿಗೆ ನೊಬೆಲ್ ಬಂತು. ಅಂಥವರು ಎಚ್ಚರ ಎಂದಾಗ ಕಿವಿಗೊಡಬೇಕು.

ಹಾಗಂತ ಯಂತ್ರವೇ ಬ್ಯಾಡ ಅನ್ನುವವರು ನಾವಲ್ಲ. ಉತ್ತರ ನಮ್ಮ ವಿಜಯಪುರದಾಗ ಐತಿ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಾಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದರು. ಒತ್ತಡ ಹೆಚ್ಚಾದರೆ ಕೊಳವೆ ಒಡೆಯುತ್ತದೆ. ಅದಕ್ಕೆ ದಾರಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರ ಕಟ್ಟಿದರು. ನೀರು ಅಲ್ಲಿ ಏರಿ, ಒತ್ತಡ ಕಳೆದುಕೊಂಡು, ಹೂಳು ಇಳಿಸಿ ಮುಂದೆ ಹೋಗುತ್ತಿತ್ತು. ಆ ಗೋಪುರಗಳು ಇವತ್ತಿಗೂ ನಿಂತಿವೆ. ಅವರು ನೀರು ತರುವುದನ್ನು ಬಿಡಲಿಲ್ಲ. ಕೊಳವೆ ಒಡೆದ ಮೇಲೆ ಗೋಪುರ ಕಟ್ಟೋಣ ಅಂತಲೂ ಕೂಡಲಿಲ್ಲ.

ಜಾಣ ಯಂತ್ರಕ್ಕೆ ಬೇಕಾದ ಗೋಪುರಗಳು ಯಾವುವು? ನಮ್ಮ ಸಂಘದ ರೂಢಿಯಿಂದಲೇ ಹೇಳುತ್ತೇವೆ.

ಮೊದಲನೆಯದು, ಹಂತ ಹಂತದ ಪರೀಕ್ಷೆ. ಹೊಸ ಸದಸ್ಯನಿಗೆ ನಾವು ಮೊದಲ ದಿನವೇ ದೊಡ್ಡ ಸಾಲ ಕೊಡುವುದಿಲ್ಲ. ಯಂತ್ರಕ್ಕೂ ಸಣ್ಣ ಕೆಲಸ ಕೊಟ್ಟು, ಬೇಕಂತಲೇ ದಾರಿ ತಪ್ಪಿಸಿ ನೋಡಿ, ಆಮೇಲೆ ದೊಡ್ಡ ಕೆಲಸ.

ಎರಡನೆಯದು, ಹೊರಗಿನವರ ತಪಾಸಣೆ. ಕಾರ್ಯದರ್ಶಿ ಬರೆದ ಲೆಕ್ಕವನ್ನು ಕಾರ್ಯದರ್ಶಿಯೇ ತಪಾಸಣೆ ಮಾಡಿದರೆ ನೀವು ಒಪ್ಪುತ್ತೀರೇನ್ರಿ? ಬೇಲಿಯೇ ಹೊಲ ಮೇಯ್ದರೆ ಕೇಳುವವರು ಯಾರು?

ಮೂರನೆಯದು, ಮೊದಲೇ ಗೆರೆ ಹಾಕುವುದು. ಇಂಥ ಅಪಾಯ ಕಂಡರೆ ಕೆಲಸ ನಿಲ್ಲಿಸುತ್ತೇವೆ ಎಂದು ಆಸೆ ಹುಟ್ಟುವ ಮೊದಲೇ ಬರೆದಿಡಬೇಕು. 2024ರ ಮೇ ತಿಂಗಳಲ್ಲಿ ಸೋಲ್ ನಗರದ ಸಮಾವೇಶದಲ್ಲಿ 16 ಕಂಪನಿಗಳು ಇಂಥ ಮಾತು ಕೊಟ್ಟವು. ಆದರೆ ಅದು ತಾವಾಗಿ ಕೊಟ್ಟ ಮಾತು, ಕಾನೂನಲ್ಲ.

ನಾಲ್ಕನೆಯದು, ಯಂತ್ರದ ಒಳಗೆ ಏನು ನಡೆದಿದೆ ಎಂದು ತಿಳಿಯುವ ಸಂಶೋಧನೆ. ಐದನೆಯದು, ನಿಲ್ಲಿಸುವ ಗುಂಡಿ ಸದಾ ಮನುಷ್ಯನ ಕೈಯಲ್ಲಿರುವುದು.

ನಾವು ನಿಧಾನ ಮಾಡಿದರೆ ಬೇರೆಯವರು ಮುಂದೆ ಹೋಗುತ್ತಾರಲ್ಲ ಎಂಬ ಪ್ರಶ್ನೆ ಬರುತ್ತದೆ. ಖರೆ ಐತಿ. ಕಾಲುವೆಯ ನೀರಿಗೂ ಇದೇ ಜಗಳ. ಮೇಲಿನವನು ಹೆಚ್ಚು ಎಳೆದರೆ ಕೆಳಗಿನವನ ಹೊಲ ಒಣಗುತ್ತದೆ. ಅದಕ್ಕೆ ಮದ್ದು ಒಬ್ಬನ ಒಳ್ಳೆಯತನವಲ್ಲ, ಎಲ್ಲರೂ ಕೂಡಿ ಮಾಡಿಕೊಂಡ ಪಾಳಿ. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತ, ಚೀನಾ, ಅಮೆರಿಕ ಸೇರಿ 28 ದೇಶಗಳೂ ಐರೋಪ್ಯ ಒಕ್ಕೂಟವೂ ಒಂದೇ ಘೋಷಣೆಗೆ ಒಪ್ಪಿದವು. ಐರೋಪ್ಯ ಒಕ್ಕೂಟದ ಕಾನೂನು 2024ರ ಆಗಸ್ಟಿನಲ್ಲಿ ಜಾರಿಗೆ ಬಂತು, ಅದರ ಕಲಮುಗಳು ಹಂತ ಹಂತವಾಗಿ ಅನ್ವಯವಾಗುತ್ತವೆ. ಪಾಳಿಯ ಮಾತು ಶುರುವಾಗಿದೆ, ಪಾಳಿ ಇನ್ನೂ ಕಟ್ಟಾಗಿಲ್ಲ.

ಇದರಲ್ಲಿ ನಮ್ಮ ಪಾಲೂ ಐತಿ. 2023ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಇಂಗ್ಲಿಷಿನಲ್ಲಿ ಕೇಳಿದರೆ ಯಂತ್ರ ನಿರಾಕರಿಸುವ ಕೆಟ್ಟ ಪ್ರಶ್ನೆಗಳನ್ನು ಜುಲುವಿನಂಥ ಭಾಷೆಗಳಿಗೆ ತಿರುಗಿಸಿ ಕೇಳಿದಾಗ ಹಲವು ಸಲ ಉತ್ತರ ಸಿಕ್ಕಿಬಿಟ್ಟಿತು. ಅಂದ್ರ ಕಾವಲು ಎಲ್ಲ ಭಾಷೆಯಲ್ಲೂ ಒಂದೇ ಸಮ ಇಲ್ಲ. ನಮ್ಮ ಕನ್ನಡದಲ್ಲಿ, ಅದರಲ್ಲೂ ನಮ್ಮ ಸೀಮೆಯ ಮಾತಿನಲ್ಲಿ, ಅದನ್ನು ತಿಕ್ಕಿ ನೋಡುವವರು ಯಾರು? ನಾವೇ ಆಗಬೇಕು.

ಆದ್ದರಿಂದ ಮೂರು ಮಾತು ಸಭೆಯ ಮುಂದಿಡುತ್ತೇವೆ. ಮುಂದೆ ಎಂಥ ಯಂತ್ರ ಬಂದರೂ ಸದಸ್ಯರ ಸಾಲದ ತೀರ್ಮಾನವನ್ನು ಅದೊಂದೇ ಮಾಡಬಾರದು; ಸಹಿ ಹಾಕಿ ಜವಾಬು ಕೊಡುವ ಮನುಷ್ಯ ಇರಬೇಕು. ಔಷಧದ ಪ್ರಮಾಣವನ್ನು ಚೀಟಿಯೊಂದಿಗೆ ತಾಳೆ ನೋಡದೆ ಯಾರೂ ಸಿಂಪಡಿಸಬಾರದು. ಯಂತ್ರ ತಪ್ಪು ಹೇಳಿದ್ದನ್ನು ಬರೆಯಲು ಕಚೇರಿಯಲ್ಲಿ ಒಂದು ವಹಿ ಇಡೋಣ, ವರ್ಷಕ್ಕೊಮ್ಮೆ ಕೃಷಿ ಅಧಿಕಾರಿಗಳ ಮುಂದೆ ಓದೋಣ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಊರವರೇ ಕೂಡಿ ಸಾಲ ಕೊಡುವುದು ಹೊಸ ಸಾಹಸವೇ ಆಗಿತ್ತು. ಆ ಸಾಹಸ ಉಳಿದದ್ದು ಯಾರ ಜಾಣತನದಿಂದಲೂ ಅಲ್ಲ. ಎಲ್ಲರೂ ತೆಗೆದು ನೋಡಬಹುದಾದ ಲೆಕ್ಕದ ವಹಿಯಿಂದ. ಜಾಣ ಯಂತ್ರ ಕಟ್ಟುವವರಿಗೂ ನಮ್ಮ ಮಾತು ಇಷ್ಟೇ: ವಹಿ ತೆರೆದಿಡ್ರಿ, ಆಮೇಲೆ ನಂಬಿಕೆ ಕೇಳ್ರಿ.