ಏಳನೆಯ ಹೆಜ್ಜೆ

ದಾಂಪತ್ಯವೆಂದೊಡನೆ ನಮ್ಮ ಕಿವಿಗೆ ಮದುವೆಯ ಓಲಗದ ದನಿ ಬೀಳುತ್ತದೆಯೇ ಹೊರತು, ಹತ್ತು ವರ್ಷಗಳ ಅನಂತರದ ಮನೆಯ ಸದ್ದು ಬೀಳುವುದಿಲ್ಲ. ಆ ಸದ್ದೇ ಬೇರೆ: ಕುಕ್ಕರಿನ ಕೂಗು, ಬಾಗಿಲಲ್ಲಿ ಶಾಲೆಯ ಆಟೋದ ಅವಸರ, ಕಾಲುಚೀಲ ಸಿಕ್ಕದ ಮಗುವಿನ ರಾಗ, ತಿಂಗಳ ಕೊನೆಯಲ್ಲಿ ಬಾಡಿಗೆ ಮತ್ತು ಸಾಲದ ಕಂತುಗಳ ಲೆಕ್ಕ. ಈ ಸದ್ದುಗಳ ನಡುವೆ, ಅದೂ ಕೈಯಲ್ಲಿ ಕಾಸು ಕಡಮೆಯಿರುವಾಗ, ಗಂಡಹೆಂಡಿರ ಒಲವು ಉಳಿಯುವುದು ಹೇಗೆ? ಈ ಹೊತ್ತು ನಿಮ್ಮೊಡನೆ ವಿಚಾರಮಾಡಬೇಕೆಂದಿರುವ ಸಂಗತಿ ಇದು.

ಒಲವೆಂಬುದು ಕೊಂಡು ತರುವ ವಸ್ತುವೆಂದು ಪೇಟೆ ನಮ್ಮನ್ನು ನಂಬಿಸಿದೆ. ಒಡವೆ, ಪ್ರವಾಸ, ದೊಡ್ಡ ಹೋಟೆಲಿನ ಊಟ ಇವೇ ಅದರ ಗುರುತುಗಳಾಗಿವೆ. ಇವು ಎಟುಕದ ಸಂಸಾರಸ್ಥರಲ್ಲಿ ಕೆಲವರು ಸಾಲಮಾಡಿ ಎಟುಕಿಸಿಕೊಳ್ಳುತ್ತಾರೆ. ಹಲವರು, “ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡೋಣ” ಎಂದು ಒಲವನ್ನೇ ಮುಂದಕ್ಕೆ ಹಾಕುತ್ತಾರೆ. ಎರಡನೆಯದು ತ್ಯಾಗದ ವೇಷದಲ್ಲಿ ಬರುವುದರಿಂದ ಅದರ ಅಪಾಯ ಬೇಗ ಕಾಣುವುದಿಲ್ಲ. ಒಲವು ಬ್ಯಾಂಕಿನಲ್ಲಿಟ್ಟ ಠೇವಣಿಯಲ್ಲ, ಬಿಟ್ಟಷ್ಟೂ ಬಡ್ಡಿ ಬೆಳೆಯುವುದಕ್ಕೆ. ಅದು ಹೆಪ್ಪಿನ ಹಾಗೆ. ದಿನವೂ ಒಂದು ಚಮಚ ಉಳಿಸಿಕೊಂಡವರಿಗೆ ಮಾತ್ರ ಮರುದಿನದ ಮೊಸರು. ಒಂದು ದಿನ ಗಡಿಗೆ ಬರಿದಾದರೆ ಪಕ್ಕದ ಮನೆಯಲ್ಲಿ ಹೆಪ್ಪು ಕೇಳಿ ತರಬಹುದು. ಒಲವನ್ನು ಹಾಗೆ ಕೇಳಿ ತರಲಾಗದು.

ಸಪ್ತಪದಿ ನಡೆಯುವ ಮದುವೆಗಳಲ್ಲಿ ವಧೂವರರು ಇಡುವ ಏಳು ಹೆಜ್ಜೆಗಳ ಕ್ರಮವನ್ನು ಗಮನಿಸಬೇಕು. ಆಶ್ವಲಾಯನ ಗೃಹ್ಯಸೂತ್ರದ ಪ್ರಕಾರ ಮೊದಲನೆಯದು ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿಗೆ, ನಾಲ್ಕನೆಯದು ಸುಖಕ್ಕೆ, ಐದನೆಯದು ಸಂತಾನಕ್ಕೆ, ಆರನೆಯದು ಋತುಗಳಿಗೆ. ಏಳನೆಯದು ಸಖ್ಯಕ್ಕೆ, ಅಂದರೆ ಸ್ನೇಹಕ್ಕೆ. ಸಂತಾನವು ಕೊನೆಯ ಹೆಜ್ಜೆಯಲ್ಲ. ಅದರ ಮುಂದೆ ಇನ್ನೂ ಎರಡು ಹೆಜ್ಜೆಗಳಿವೆ. ನಮ್ಮಲ್ಲಿ ಎಷ್ಟೋ ದಂಪತಿಗಳ ನಡಿಗೆ ಐದನೆಯ ಹೆಜ್ಜೆಯಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಅವರು ತಂದೆತಾಯಿಗಳು ಮಾತ್ರ, ಸಖರಲ್ಲ.

ಈ ನಿಲುಗಡೆ ಮೊದಲು ಕಾಣಿಸಿಕೊಳ್ಳುವುದು ಸಂಬೋಧನೆಯಲ್ಲಿ. ಆಕೆ ಪುಟ್ಟನ ಅಮ್ಮನಾಗುತ್ತಾಳೆ, ಆತ ಪುಟ್ಟನ ಅಪ್ಪನಾಗುತ್ತಾನೆ. ತಪ್ಪೇನೂ ಇಲ್ಲ, ಆ ಕರೆಯಲ್ಲೂ ಒಂದು ಹೆಮ್ಮೆಯುಂಟು. ಆದರೆ ಮಗುವಿನ ಮೂಲಕವಲ್ಲದೆ ಒಬ್ಬರನ್ನೊಬ್ಬರು ಕರೆಯುವ ದಾರಿಯೇ ಮರೆತುಹೋಗಬಾರದು. ಬೇಂದ್ರೆಯವರು ತಮ್ಮ ದಾಂಪತ್ಯದ ಕಥೆಯನ್ನೇ ಕಾವ್ಯವಾಗಿಸಿದಾಗ ಅದಕ್ಕೆ ಇಟ್ಟ ಹೆಸರು ‘ಸಖೀಗೀತ’. ಅದು ಪ್ರಕಟವಾದದ್ದು 1937ರಲ್ಲಿ. ಅದು ಹೊಸ ಮದುಮಗನ ಹಾಡಲ್ಲ. ಮಕ್ಕಳನ್ನು ಪಡೆದು, ಮಕ್ಕಳನ್ನು ಕಳೆದುಕೊಂಡು, ಸೆರೆಮನೆಯನ್ನೂ ಕೆಲಸವಿಲ್ಲದ ದಿನಗಳನ್ನೂ ಕಂಡ ಗೃಹಸ್ಥನ ಹಾಡು. ಅಷ್ಟೆಲ್ಲ ಕಂಡ ಮೇಲೂ ಅವರು ಹೆಂಡತಿಯನ್ನು ಕರೆಯಲು ಆರಿಸಿಕೊಂಡ ಮಾತು ‘ಸಖಿ’.

ಇನ್ನು ಮುದ್ದಣ ಮನೋರಮೆಯರನ್ನು ನೆನೆಯೋಣ. ಮಳೆಗಾಲದ ಒಂದು ದಿನ ಗಂಡ ಮನೆಗೆ ಬರುತ್ತಾನೆ. ಹೆಂಡತಿ ಉಪಚರಿಸುತ್ತಾಳೆ, ಕಥೆ ಹೇಳೆಂದು ಕಾಡುತ್ತಾಳೆ, ಪದ್ಯ ಬೇಡ ಗದ್ಯವೇ ಆಗಲೆಂದು ಪಟ್ಟುಹಿಡಿಯುತ್ತಾಳೆ, ನಡುನಡುವೆ ತಡೆದು ಕೀಟಲೆ ಮಾಡುತ್ತಾಳೆ. ಆತ ಸೋಲುತ್ತಾನೆ, ಸೋತು ಗೆಲ್ಲುತ್ತಾನೆ. ‘ಶ್ರೀರಾಮಾಶ್ವಮೇಧ’ದ ಅಶ್ವಮೇಧಕ್ಕಿಂತ ಈ ಸಲ್ಲಾಪವೇ ಓದುಗರ ಮನಸ್ಸಿನಲ್ಲಿ ಉಳಿದಿದೆ. ಇದಕ್ಕಾಗಿ ಆ ಮನೆಯಲ್ಲಿ ಆದ ಖರ್ಚು ಏನು? ಒಂದು ಸಂಜೆಯ ಹೊತ್ತು, ಅಷ್ಟೆ. ಇದನ್ನು ಬರೆದ ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಸಿರಿವಂತರಲ್ಲ. ಉಡುಪಿಯ ಶಾಲೆಯೊಂದರ ವ್ಯಾಯಾಮ ಶಿಕ್ಷಕರು. 1901ರಲ್ಲಿ, 31ರ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡರು. ಕನ್ನಡದ ಅತ್ಯಂತ ಲವಲವಿಕೆಯ ದಾಂಪತ್ಯಚಿತ್ರ ಮೂಡಿದ್ದು ಇಂಥ ಬಡತನದ ಬದುಕಿನಿಂದ.

ಹಾಗಾದರೆ ಇಂದಿನ ಸಂಸಾರಸ್ಥರು ಮಾಡಬಹುದಾದದ್ದೇನು? ಮೊದಲನೆಯದಾಗಿ, ಹಣದ ಮಾತಿಗೆ ವಾರದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಆಗ ಇಬ್ಬರೂ ಕೂಡಿ ಲೆಕ್ಕ ನೋಡಬೇಕು, ಏನನ್ನೂ ಬಚ್ಚಿಡಬಾರದು. ಸಾಲಕ್ಕಿಂತ, ಹೇಳದೆ ಮಾಡಿದ ಸಾಲ ಮನಸ್ಸನ್ನು ಹೆಚ್ಚು ಒಡೆಯುತ್ತದೆ. ಲೆಕ್ಕಕ್ಕೆ ತನ್ನದೇ ಹೊತ್ತು ಸಿಕ್ಕರೆ ಉಳಿದ ಸಂಜೆಗಳು ಅದರ ಕಾಟದಿಂದ ಬಿಡುಗಡೆ ಪಡೆಯುತ್ತವೆ. ಎರಡನೆಯದಾಗಿ, ನೆರೆಯವರ ಸ್ನೇಹ. ಒಂದು ಶನಿವಾರ ನಿಮ್ಮ ಮಕ್ಕಳು ಅವರ ಮನೆಯಲ್ಲಿ ಆಡಲಿ, ಮುಂದಿನ ಶನಿವಾರ ಅವರ ಮಕ್ಕಳು ನಿಮ್ಮಲ್ಲಿ. ಹೀಗೆ ದೊರೆತ ಒಂದು ಗಂಟೆಯಲ್ಲಿ ಕೆರೆಯ ಏರಿಯ ಮೇಲೆ ನಡೆದು, ಹೋಟೆಲಿನಲ್ಲಿ ಒಂದು ಕಾಫಿಯನ್ನು ಬೈಟೂ ಮಾಡಿಸಿ ಕುಡಿದು ಬರಬಹುದು. ಅರ್ಧ ಲೋಟದ ಆ ಕಾಫಿಯನ್ನು ಬಡತನದ ಗುರುತೆಂದು ಯಾರೂ ಎಣಿಸುವುದಿಲ್ಲ. ಹಂಚಿಕೊಳ್ಳುವುದನ್ನು ನಮ್ಮ ಊರುಗಳು ಅಷ್ಟು ಸಹಜವಾಗಿಸಿವೆ. ಮೂರನೆಯದನ್ನು ಗಂಡಸರು ವಿಶೇಷವಾಗಿ ಕೇಳಬೇಕು. ಕಾಸಿಲ್ಲದ ಮನೆಯಲ್ಲಿ ಉಳಿತಾಯದ ಹೊರೆಯೆಲ್ಲ ಹೆಂಗಸಿನ ಮೈಮೇಲೆ ಬೀಳುತ್ತದೆ. ಒಂದು ಮೊಳ ಮಲ್ಲಿಗೆ ತರುವುದು ಒಳ್ಳೆಯದೇ. ಆದರೆ ರಾತ್ರಿ ಹತ್ತಕ್ಕೆ ಪಾತ್ರೆ ತೊಳೆಯುತ್ತ ನಿಂತವಳಿಗೆ ಹೂವಿನ ಪರಿಮಳ ತಾಕದು. ಮೊದಲು ಪಾತ್ರೆಗೆ ಕೈಹಚ್ಚಿ, ಅನಂತರ ಹೂ ಕೊಡಿ.

ಹೊಟ್ಟೆಗೇ ಇಲ್ಲದ ಮನೆಗೆ ಈ ಉಪದೇಶ ಸಲ್ಲದು. ಸಪ್ತಪದಿಯೂ ಮೊದಲ ಹೆಜ್ಜೆಯನ್ನು ಅನ್ನಕ್ಕೇ ಮೀಸಲಿಟ್ಟಿದೆ. ಆದರೆ ಅನ್ನವಿದ್ದೂ ಉಳಿದದ್ದು ಸಾಲದೆಂದು ಕೊರಗುವ ಮನೆಗಳಲ್ಲಿ ಇಲ್ಲವಾಗಿರುವುದು ಹಣವಲ್ಲ, ಪರಸ್ಪರ ಗಮನ.

ತಮಗಾಗಿ ಹೊತ್ತು ತೆಗೆದುಕೊಂಡರೆ ಮಕ್ಕಳಿಂದ ಕದ್ದಂತಾಗುವುದೆಂದು ಕೆಲವರು ಅಳುಕುತ್ತಾರೆ. ಅಳುಕಬೇಕಾದದ್ದಿಲ್ಲ. ಅಪ್ಪ ಹೇಳಿದ ಮಾತಿಗೆ ಅಮ್ಮ ನಕ್ಕದ್ದನ್ನು ಮಗು ಆಟದ ನಡುವೆಯೂ ಕೇಳಿಸಿಕೊಳ್ಳುತ್ತದೆ. ಮನೆಯೆಂದರೆ ನಿರ್ಭಯವಾದ ಜಾಗವೆಂದು ಅದು ತಿಳಿಯುವುದು ಆ ನಗೆಯಿಂದಲೇ. ಮುಂದೊಂದು ದಿನ ಮಕ್ಕಳು ತಮ್ಮ ದಾರಿ ಹಿಡಿದು ಹೊರಡುತ್ತಾರೆ, ಹೊರಡಲೇಬೇಕು. ಆಗ ಮನೆಯಲ್ಲಿ ಉಳಿಯುವವರು ಇಬ್ಬರೇ. ಆ ಹೊತ್ತಿಗೆ ಅವರು ಒಬ್ಬರಿಗೊಬ್ಬರು ಅಪರಿಚಿತರಾಗಿರದೆ ಸಖರಾಗಿರಬೇಕಾದರೆ, ಏಳನೆಯ ಹೆಜ್ಜೆಯನ್ನು ಈ ಸಂಜೆಯೇ, ಇರುವಷ್ಟು ಕಾಸಿನಲ್ಲೇ, ಮುಂದಿಡಬೇಕು.