ಆವೇಶವಿದ್ದೂ ಹರಿಯದ ವಿದ್ಯುತ್

ಅಡುಗೆ ಉಪ್ಪಿನ ಒಣ ಹರಳಿಗೆ ಬ್ಯಾಟರಿಯ ತಂತಿಗಳನ್ನು ತಾಗಿಸಿದರೆ ಬಲ್ಬು ಉರಿಯುವುದಿಲ್ಲ. ಅದೇ ಉಪ್ಪನ್ನು ನೀರಿನಲ್ಲಿ ಕದಡಿದರೆ, ಇಲ್ಲವೇ 801 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕರಗಿಸಿದರೆ, ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಆ ಹರಳಿನಲ್ಲಿ ಆವೇಶಕ್ಕೆ ಕೊರತೆಯೇನೂ ಇರುವುದಿಲ್ಲ. ಸೋಡಿಯಂ ಪರಮಾಣು ತನ್ನ ಹೊರಕವಚದ ಎಲೆಕ್ಟ್ರಾನೊಂದನ್ನು ಕ್ಲೋರಿನ್‌ಗೆ ಬಿಟ್ಟುಕೊಟ್ಟು ಧನ ಅಯಾನು, ಎಂದರೆ ಧನಾವೇಶ ಹೊತ್ತ ಕಣ, ಆಗಿರುತ್ತದೆ. ಅದನ್ನು ಪಡೆದ ಕ್ಲೋರಿನ್ ಋಣ ಅಯಾನಾಗಿರುತ್ತದೆ. ಇವುಗಳ ನಡುವಿನ ಸೆಳೆತವೇ ಅಯಾನಿಕ ಬಂಧ. ಪ್ರತಿಯೊಂದು ಅಯಾನನ್ನೂ ವಿರುದ್ಧ ಆವೇಶದ ಆರು ಅಯಾನುಗಳು ಸುತ್ತುವರಿದು ಬಿಗಿಹಿಡಿದಿರುವುದರಿಂದ ಯಾವುದೂ ತನ್ನ ನೆಲೆ ಬಿಟ್ಟು ಕದಲಲಾರದು. ವಾಹಕತೆಯ ಪ್ರಶ್ನೆ, ಹೀಗಾಗಿ, ಬಂಧವು ಆವೇಶಕ್ಕೆ ಎಷ್ಟು ಓಡಾಟವನ್ನು ಬಿಟ್ಟುಕೊಡುತ್ತದೆ ಎಂಬ ಪ್ರಶ್ನೆಯಾಗಿದೆ.

ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಂಡು ಏರ್ಪಡುವ ಸಹವೇಲೆನ್ಸೀಯ ಬಂಧದಲ್ಲಿ ಅಯಾನುಗಳೇ ಇಲ್ಲವಾದ್ದರಿಂದ ಸಕ್ಕರೆ ನೀರಿನಲ್ಲಿ ಕರಗಿದರೂ ವಾಹಕವಾಗುವುದಿಲ್ಲ. ಹೈಡ್ರೋಜನ್ ಕ್ಲೋರೈಡ್ ಕೂಡ ಇದೇ ಬಗೆಯ ಸಂಯುಕ್ತ. ಆದರೆ ನೀರಿನ ಅಣುಗಳು ಅದರ ಬಂಧವನ್ನು ಮುರಿದು ಹೈಡ್ರೋಜನ್ ಅಯಾನನ್ನು ಸೆಳೆದುಕೊಳ್ಳುವುದರಿಂದ ಆ ದ್ರಾವಣ ಉತ್ತಮ ವಾಹಕವಾಗುತ್ತದೆ. ದ್ರಾವಣಗಳ ವಾಹಕತೆಯನ್ನು ಕುರಿತು ಸ್ವಾಂಟೆ ಅರೇನಿಯಸ್ 1884ರಲ್ಲಿ ಉಪ್ಸಲ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಕ್ಕೆ ಪರೀಕ್ಷಕರು ಕೆಳದರ್ಜೆಯನ್ನಷ್ಟೇ ಕೊಟ್ಟಿದ್ದರು. ಅದರಿಂದ ಬೆಳೆದ ಸಿದ್ಧಾಂತಕ್ಕೆ 1903ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಅಯಾನಿಕ ವಸ್ತು ಘನಸ್ಥಿತಿಯಲ್ಲಿ ವಾಹಕವಲ್ಲ ಎಂಬ ಪಠ್ಯಪುಸ್ತಕದ ನಿಯಮವನ್ನು ಸಿಲ್ವರ್ ಅಯೋಡೈಡ್ ಮೀರುತ್ತದೆ, ಮತ್ತು ಈ ವಿಷಯದ ನಿಜವಾದ ಸ್ವಾರಸ್ಯವಿರುವುದೂ ಇಲ್ಲಿಯೇ. 147 ಡಿಗ್ರಿಯಲ್ಲಿ ಅದರ ಸ್ಫಟಿಕರಚನೆ ಬದಲಾಗಿ, ವಾಹಕತೆ ಒಮ್ಮೆಲೇ ಸಾವಿರಾರು ಪಟ್ಟು ಏರುತ್ತದೆ. ಅಯೋಡೈಡ್ ಅಯಾನುಗಳು ಜಾಲವಾಗಿ ಸ್ಥಿರವಾಗಿ ನಿಂತಿರುವಾಗ ಬೆಳ್ಳಿಯ ಎರಡೆರಡು ಅಯಾನುಗಳಿಗೆ ಹನ್ನೆರಡು ತಾಣಗಳು ತೆರೆದುಕೊಳ್ಳುತ್ತವೆ. ಬೆಳ್ಳಿ ಮತ್ತು ಅಯೋಡಿನ್ ನಡುವಿನ ಬಂಧ ಪೂರ್ತಿ ಅಯಾನಿಕವಾಗಿರದೆ ಸ್ವಲ್ಪ ಸಹವೇಲೆನ್ಸೀಯವೂ ಆಗಿರುವುದರಿಂದ, ಮತ್ತು ಅಯೋಡೈಡಿನ ದೊಡ್ಡ ಎಲೆಕ್ಟ್ರಾನ್ ಮೋಡ ಸುಲಭವಾಗಿ ಬಾಗಿಕೊಡುವುದರಿಂದ, ಬೆಳ್ಳಿಯ ಅಯಾನುಗಳು ತಾಣದಿಂದ ತಾಣಕ್ಕೆ ಸಲೀಸಾಗಿ ನುಸುಳುತ್ತವೆ. 1914ರಲ್ಲಿ ವಿಜ್ಞಾನಿಗಳಾದ ಟುಬಾಂಟ್ ಮತ್ತು ಲೊರೆಂಟ್ಸ್ ವಾಹಕತೆಯ ಈ ಏರಿಕೆಯನ್ನು ಅಳೆದು ತೋರಿಸಿದರು. 558 ಡಿಗ್ರಿಯಲ್ಲಿ ಈ ವಸ್ತು ಕರಗಿ ದ್ರವವಾದಾಗ ವಾಹಕತೆ, ಉಪ್ಪಿನಲ್ಲಾಗುವಂತೆ ಹೆಚ್ಚುವ ಬದಲು, ತುಸು ಇಳಿಯುತ್ತದೆ. ದ್ರವದ ಬದಲು ಘನವಸ್ತುವಿನ ಮೂಲಕವೇ ಲಿಥಿಯಂ ಅಯಾನುಗಳನ್ನು ಹಾಯಿಸುವ ಬ್ಯಾಟರಿಗಳಿಗಾಗಿ ಸಂಶೋಧಕರು ಇಂದು ಹುಡುಕುತ್ತಿರುವುದು ಇಂತಹ ಹಿಡಿತ ಸಡಿಲವಾದ ಜಾಲಗಳನ್ನೇ.