ಹಿಮಖಂಡದ ಪ್ರವಾಸಿ ಹಡಗುಗಳು ಮತ್ತು ಮಿತಿಯ ಪ್ರಶ್ನೆ

(ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಪರಿಸರ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಅಡಿಕೆ ಕೊಯ್ಲು, ಕಾಫಿ ಕೊಯ್ಲು ನಡೆಯುವ ತಿಂಗಳುಗಳಲ್ಲೇ ದಕ್ಷಿಣ ಗೋಳಾರ್ಧದಲ್ಲಿ ಬೇಸಿಗೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅರ್ಜೆಂಟೀನಾದ ದಕ್ಷಿಣ ತುದಿಯ ಉಷುವಾಯಿಯಾ ಬಂದರಿನಿಂದ ಪ್ರವಾಸಿ ಹಡಗುಗಳು ಒಂದರ ಹಿಂದೊಂದರಂತೆ ಹೊರಡುತ್ತವೆ. ಡ್ರೇಕ್ ಜಲಮಾರ್ಗದ ಉಗ್ರ ಅಲೆಗಳನ್ನು ಎರಡು ದಿನಗಳ ಕಾಲ ದಾಟಿದರೆ ಅಂಟಾರ್ಕ್ಟಿಕಾ. 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಕಡಿಮೆ ಪ್ರವಾಸಿಗರು ಅಲ್ಲಿಗೆ ಹೋಗುತ್ತಿದ್ದರು. 2023-24ರ ಋತುವಿನಲ್ಲಿ ಆ ಸಂಖ್ಯೆ 1.2 ಲಕ್ಷವನ್ನು ಮೀರಿತು.

ಮಂಜುಗಡ್ಡೆಯ ನಾಡಿಗೆ ಹೋಗುವ ದುಬಾರಿ ಪ್ರವಾಸಕ್ಕೂ ಘಟ್ಟದ ಊರುಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸೂಕ್ಷ್ಮವಾದ ಒಂದು ನೆಲಕ್ಕೆ ಎಷ್ಟು ಜನ ಬರಬಹುದು, ಹೇಗೆ ಬರಬೇಕು, ಅದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಎರಡೂ ಕಡೆ ಒಂದೇ ಆಗಿದೆ. ಅಂಟಾರ್ಕ್ಟಿಕಾದಲ್ಲಿ ಇದಕ್ಕೆ ದೊರೆತಿರುವ ಉತ್ತರದ ಅರ್ಧಭಾಗ ಅನುಕರಣೀಯವಾದುದು. ಉಳಿದರ್ಧ ಎಚ್ಚರಿಕೆಯ ಪಾಠ.

ಯಾರದೂ ಅಲ್ಲದ ನೆಲ

ಅಂಟಾರ್ಕ್ಟಿಕಾಕ್ಕೆ ಮೂಲನಿವಾಸಿಗಳಿಲ್ಲ, ಸರ್ಕಾರವಿಲ್ಲ. 1959ರ ಡಿಸೆಂಬರ್ 1ರಂದು ಹನ್ನೆರಡು ರಾಷ್ಟ್ರಗಳು ಸಹಿ ಹಾಕಿದ ಒಪ್ಪಂದವೇ ಅಲ್ಲಿನ ಆಡಳಿತಕ್ಕೆ ಆಧಾರ. ಭಾರತ 1983ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಇಂದು ಅಲ್ಲಿ ಮೈತ್ರಿ ಮತ್ತು ಭಾರತಿ ಎಂಬ ಎರಡು ಸಂಶೋಧನಾ ಕೇಂದ್ರಗಳನ್ನು ನಡೆಸುತ್ತಿದೆ. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಪರಿಸರ ಸಂರಕ್ಷಣಾ ವಿಧಿಯು ಇಡೀ ಖಂಡವನ್ನು ಶಾಂತಿಗೂ ವಿಜ್ಞಾನಕ್ಕೂ ಮೀಸಲಾದ ನಿಸರ್ಗಧಾಮವೆಂದು ಸಾರಿತು, ಗಣಿಗಾರಿಕೆಯನ್ನು ನಿಷೇಧಿಸಿತು. ಪ್ರವಾಸೋದ್ಯಮವನ್ನು ನಿಷೇಧಿಸಲಿಲ್ಲ.

ಪ್ರವಾಸ ಅದಕ್ಕೂ ಮೊದಲೇ ಬೆಳೆದಿತ್ತು. ಲಾರ್ಸ್-ಎರಿಕ್ ಲಿಂಡ್‌ಬ್ಲಾಡ್ ಎಂಬ ಉದ್ಯಮಿ 1966ರಲ್ಲಿ ಪ್ರವಾಸಿಗರ ತಂಡವೊಂದನ್ನು ಅಲ್ಲಿಗೆ ಕರೆದೊಯ್ದರು. 1969ರಲ್ಲಿ ಇಂಥ ಯಾನಕ್ಕೆಂದೇ ‘ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್’ ಎಂಬ ಸಣ್ಣ ಹಡಗನ್ನು ಕಟ್ಟಿಸಿದರು. ನೂರರಷ್ಟು ಪ್ರಯಾಣಿಕರು, ಜೊತೆಗೆ ವಿವರಿಸಿ ಹೇಳಬಲ್ಲ ವಿಜ್ಞಾನಿಗಳು, ದಡಕ್ಕೆ ಒಯ್ಯಲು ರಬ್ಬರ್ ದೋಣಿಗಳು: ಈ ಕ್ರಮವನ್ನು ಸಣ್ಣ ಹಡಗುಗಳು ಇಂದಿಗೂ ಅನುಸರಿಸುತ್ತಿವೆ. 1991ರಲ್ಲಿ ಏಳು ಸಂಸ್ಥೆಗಳು ಸೇರಿ ಅಂಟಾರ್ಕ್ಟಿಕ್ ಪ್ರವಾಸ ಸಂಘಟಕರ ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿ ತಮಗೆ ತಾವೇ ನಿಯಮಗಳನ್ನು ರೂಪಿಸಿಕೊಂಡವು.

ಹಡಗಿನ ಆಯ್ಕೆಯೇ ಮೊದಲ ನಿರ್ಧಾರ

ಆ ನಿಯಮಗಳಲ್ಲಿ ಮುಖ್ಯವಾದುದು ಸಂಖ್ಯೆಗೆ ಸಂಬಂಧಿಸಿದ್ದು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ. ದೂರದಿಂದ ನೋಡಿ ಮರಳಬೇಕು. ಸಣ್ಣ ಹಡಗುಗಳೂ ಒಂದು ಸ್ಥಳದಲ್ಲಿ ಒಮ್ಮೆಗೆ 100ಕ್ಕಿಂತ ಹೆಚ್ಚು ಜನರನ್ನು ಇಳಿಸುವಂತಿಲ್ಲ. ಪ್ರತಿ 20 ಜನರಿಗೆ ಒಬ್ಬ ಮಾರ್ಗದರ್ಶಕನಿರಬೇಕು. ಒಂದು ಸ್ಥಳದಲ್ಲಿ ಏಕಕಾಲಕ್ಕೆ ಒಂದೇ ಹಡಗು. 2009ರಲ್ಲಿ ಒಪ್ಪಂದ ರಾಷ್ಟ್ರಗಳ ಸಭೆಯೂ ಈ ಮಿತಿಗಳನ್ನು ಅಂಗೀಕರಿಸಿತು.

ಪ್ರಯಾಣಿಕನ ಆಯ್ಕೆ ಇಲ್ಲಿಂದಲೇ ಆರಂಭವಾಗುತ್ತದೆ. 200 ಜನರ ಹಡಗನ್ನು ಆರಿಸಿಕೊಂಡವನಿಗೆ ದಡದಲ್ಲಿ ಹೆಚ್ಚು ಸಮಯ ದೊರೆಯುತ್ತದೆ. 400 ಜನರ ಹಡಗಿನವನು ನೂರು ನೂರರ ಸರದಿಗೆ ಕಾಯಬೇಕು. ಸಾವಿರಾರು ಜನರ ಹಡಗು ಅಗ್ಗವಾಗಿರಬಹುದು, ಆದರೆ ಅದರಲ್ಲಿ ಹೋದವನ ಕಾಲು ಆ ನೆಲವನ್ನು ಮುಟ್ಟುವುದೇ ಇಲ್ಲ. ಹೀಗೆ ನೆಲದ ರಕ್ಷಣೆಗೆಂದು ಮಾಡಿದ ನಿಯಮವೇ ಪ್ರವಾಸದ ಬೆಲೆ, ಸ್ವರೂಪಗಳನ್ನು ನಿರ್ಧರಿಸುತ್ತದೆ.

ಇಂಧನಕ್ಕೂ ಇದು ಅನ್ವಯಿಸುತ್ತದೆ. ಡಾಂಬರಿನಂತೆ ದಟ್ಟವಾದ ಭಾರಿ ಇಂಧನ ತೈಲವನ್ನು ಅಂಟಾರ್ಕ್ಟಿಕ್ ಸಮುದ್ರದಲ್ಲಿ ಬಳಸುವುದನ್ನೂ ಸಾಗಿಸುವುದನ್ನೂ 2011ರ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಆ ತೈಲವನ್ನೇ ನಂಬಿದ್ದ ಹಲವು ದೊಡ್ಡ ಹಡಗುಗಳು ಕೆಲವು ವರ್ಷ ಹಿಂದೆ ಸರಿದವು. ಒಂದು ಕಟ್ಟುನಿಟ್ಟಾದ ನಿಯಮಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಇದು ಸಾಕ್ಷಿ.

ಬೂಟಿನ ಅಡಿಯ ಬೀಜ

ಹಡಗು ದಕ್ಷಿಣಕ್ಕೆ ಸಾಗುತ್ತಿರುವಾಗಲೇ ಪ್ರಯಾಣಿಕರೆಲ್ಲರೂ ನಿಯಮಗಳ ವಿವರಣೆಗೆ ಕಡ್ಡಾಯವಾಗಿ ಹಾಜರಾಗಬೇಕು. ಬಳಿಕ ಬಟ್ಟೆಬರೆಗಳ ತಪಾಸಣೆ ನಡೆಯುತ್ತದೆ. ಜೇಬಿನ ಮೂಲೆಗಳು, ಚೀಲದ ಹೊಲಿಗೆಗಳು, ಅಂಟುಪಟ್ಟಿಗಳ ಎಳೆಗಳು, ಬೂಟಿನ ಅಡಿಯ ಗೆರೆಗಳು ಇವುಗಳಲ್ಲಿ ಅಡಗಿರುವ ಮಣ್ಣು, ಹುಲ್ಲಿನ ಬೀಜಗಳನ್ನು ಯಂತ್ರದಿಂದ ಹೀರಿ, ಚಿಮುಟದಿಂದ ಕಿತ್ತು ತೆಗೆಯುತ್ತಾರೆ. ದಡಕ್ಕೆ ಇಳಿಯುವ ಮುನ್ನ ಮತ್ತು ಮರಳಿದ ಮೇಲೆ ಬೂಟುಗಳನ್ನು ಕ್ರಿಮಿನಾಶಕ ದ್ರಾವಣದಲ್ಲಿ ತೊಳೆಯಬೇಕು.

ಇಷ್ಟೊಂದು ಎಚ್ಚರಿಕೆ ಏಕೆಂಬುದನ್ನು ಮಲೆನಾಡಿಗರಿಗೆ ವಿವರಿಸಬೇಕಾಗಿಲ್ಲ. ಲಂಟಾನ, ಯುಪಟೋರಿಯಂ, ಪಾರ್ಥೇನಿಯಂಗಳು ಬೇರೆ ಖಂಡದಿಂದ ಬಂದು ಬೆಟ್ಟ, ಬೇಣ, ರಸ್ತೆಯಂಚುಗಳನ್ನು ಆವರಿಸಿದ ಪರಿಯನ್ನು ಇಲ್ಲಿನವರು ಕಣ್ಣಾರೆ ಕಂಡಿದ್ದಾರೆ. ಅಂಟಾರ್ಕ್ಟಿಕಾದಲ್ಲಿ ಸ್ವಾಭಾವಿಕವಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಕೇವಲ ಎರಡು: ಒಂದು ಹುಲ್ಲು, ಇನ್ನೊಂದು ಹಾಸುಗಿಡ. ಆದರೆ ಕಿಂಗ್ ಜಾರ್ಜ್ ದ್ವೀಪದ ಪೋಲೆಂಡ್ ಸಂಶೋಧನಾ ಕೇಂದ್ರದ ಬಳಿ 1980ರ ದಶಕದಲ್ಲೇ ಮೂರನೆಯ ಸಸ್ಯವೊಂದು ಕಾಣಿಸಿತು. ‘ಪೋವಾ ಆನುವಾ’ ಎಂಬ ಆ ಸಾಮಾನ್ಯ ಹುಲ್ಲು ಅಲ್ಲಿ ಬೇರೂರಿತು. ಮನುಷ್ಯರ ಸಾಮಾನು ಸರಂಜಾಮಿನೊಡನೆ ಬಂದ ಬೀಜ ಅದು. ಪ್ರವಾಸಿಗಳಷ್ಟೇ ಅಲ್ಲ, ವಿಜ್ಞಾನಿಗಳೂ ಬೀಜವಾಹಕರೇ.

ದಡದಲ್ಲಿ ಪಾಲಿಸಬೇಕಾದ ನಿಯಮಗಳೂ ಸ್ಪಷ್ಟವಾಗಿವೆ. ಪೆಂಗ್ವಿನ್‌ಗಳಿಂದ ಕನಿಷ್ಠ 5 ಮೀಟರ್ ದೂರವಿರಬೇಕು. ಹಕ್ಕಿಯೇ ದಾರಿಗೆ ಅಡ್ಡ ಬಂದರೆ ಮನುಷ್ಯ ನಿಂತು ದಾರಿ ಬಿಡಬೇಕು. ತಿಂಡಿ ಒಯ್ಯುವಂತಿಲ್ಲ. ಕಲ್ಲು, ಗರಿ, ಮೂಳೆಯ ಚೂರು ಯಾವುದನ್ನೂ ನೆನಪಿಗೆಂದು ತರುವಂತಿಲ್ಲ. ಮೂತ್ರವಿಸರ್ಜನೆಗೂ ಹಡಗಿಗೇ ಮರಳಬೇಕು. ವಿನೋದಕ್ಕಾಗಿ ಡ್ರೋನ್ ಹಾರಿಸುವಂತಿಲ್ಲ. 2023-24ರ ಋತುವಿನಲ್ಲಿ ಹಕ್ಕಿಜ್ವರದ ಮಾರಕ ವೈರಾಣು ಖಂಡವನ್ನು ತಲಪಿದ ಸಂದರ್ಭದಲ್ಲಿ ಮತ್ತೊಂದು ನಿಯಮ ಸೇರಿತು: ದಡದಲ್ಲಿ ಯಾರೂ ನೆಲದ ಮೇಲೆ ಕುಳಿತುಕೊಳ್ಳಬಾರದು, ಮಂಡಿಯೂರಬಾರದು, ಚೀಲವನ್ನೂ ಇಡಬಾರದು. ಸಾವಿರಾರು ಡಾಲರ್ ತೆತ್ತು ಬಂದವರೂ ಇವನ್ನೆಲ್ಲ ಒಪ್ಪಿ ನಡೆಯುತ್ತಾರೆ. ನಿಯಮ ಹಾಕಿದರೆ ಪ್ರವಾಸಿಗಳು ಬರುವುದಿಲ್ಲ ಎಂಬ ವಾದಕ್ಕೆ ಇದೇ ಉತ್ತರ.

ಸುರಕ್ಷತೆ

ಪ್ರವಾಸಿಯ ಸುರಕ್ಷತೆ, ನೆಲದ ಸುರಕ್ಷತೆ ಬೇರೆ ಬೇರೆಯಲ್ಲ. 1989ರ ಜನವರಿಯಲ್ಲಿ ಅರ್ಜೆಂಟೀನಾದ ‘ಬಹಿಯಾ ಪರೈಸೊ’ ಹಡಗು ಅಮೆರಿಕದ ಪಾಮರ್ ಕೇಂದ್ರದ ಬಳಿ ಬಂಡೆಗೆ ಬಡಿಯಿತು. ಸಾಮಗ್ರಿಗಳೊಡನೆ ಪ್ರವಾಸಿಗಳೂ ಅದರಲ್ಲಿದ್ದರು. ಜನರು ಬದುಕಿದರು, ಆದರೆ ಸುಮಾರು 6 ಲಕ್ಷ ಲೀಟರ್ ತೈಲ ಸಮುದ್ರಕ್ಕೆ ಸೋರಿ ಕಡಲಹಕ್ಕಿಗಳು, ತೀರದ ಜೀವಿಗಳು ಬಲಿಯಾದವು. ಅಂಟಾರ್ಕ್ಟಿಕ್ ಪ್ರವಾಸಕ್ಕೆ ದಾರಿ ತೋರಿದ ಲಿಂಡ್‌ಬ್ಲಾಡ್‌ನ ಹಡಗಿಗೂ ಅದೇ ಸಮುದ್ರ ಸಮಾಧಿಯಾಯಿತು. ‘ಎಕ್ಸ್‌ಪ್ಲೋರರ್’ ಎಂಬ ಹೆಸರಿನಲ್ಲಿ ಬೇರೆ ಒಡೆತನದಲ್ಲಿ ಸಾಗುತ್ತಿದ್ದ ಅದು 2007ರ ನವೆಂಬರ್ 23ರಂದು ಮಂಜುಗಡ್ಡೆಗೆ ಬಡಿದು ಮುಳುಗಿತು. ಅದರಲ್ಲಿದ್ದ 154 ಜನರು ಗಂಟೆಗಟ್ಟಲೆ ದೋಣಿಗಳಲ್ಲಿ ಚಳಿಯಲ್ಲಿ ನಡುಗುತ್ತ ಕುಳಿತಿದ್ದು, ನಾರ್ವೆಯ ಹಡಗೊಂದು ಸಕಾಲಕ್ಕೆ ಬಂದುದರಿಂದ ಪಾರಾದರು. ಎದುರಿಗಿದ್ದ ಹಿಮ ಎಷ್ಟು ಗಟ್ಟಿಯೆಂಬುದನ್ನು ಕಪ್ತಾನ ತಪ್ಪಾಗಿ ಅಂದಾಜಿಸಿದನೆಂದು ತನಿಖೆ ಹೇಳಿತು. ಹತ್ತಿರದಲ್ಲಿ ಇನ್ನೊಂದು ಹಡಗು ಇಲ್ಲದಿದ್ದರೆ, ಗಾಳಿ ಬೀಸಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಬಹುದು.

2017ರಲ್ಲಿ ಧ್ರುವಪ್ರದೇಶದ ಹಡಗುಗಳಿಗೆಂದೇ ಅಂತರರಾಷ್ಟ್ರೀಯ ಸಂಹಿತೆ ಜಾರಿಗೆ ಬಂತು. ಆದರೂ ಸಮುದ್ರ ಪಳಗಿಲ್ಲ. 2022ರ ನವೆಂಬರ್‌ನಲ್ಲಿ ರಬ್ಬರ್ ದೋಣಿಯೊಂದು ಮಗುಚಿ ಇಬ್ಬರು ಪ್ರವಾಸಿಗಳು ಸತ್ತರು; ಅದೇ ತಿಂಗಳು ದೈತ್ಯ ಅಲೆಯೊಂದು ಮತ್ತೊಂದು ಹಡಗಿನ ಕಿಟಕಿಗಳನ್ನು ಒಡೆದು ಒಬ್ಬರ ಪ್ರಾಣ ತೆಗೆಯಿತು. ಎರಡೂ ಆಧುನಿಕ ಹಡಗುಗಳೇ.

ಹಡಗು ಹತ್ತಿದವನು ನೀರಸವೆಂದು ಕಡೆಗಣಿಸುವ ಜೀವರಕ್ಷಕ ಕವಾಯತಿನ ಮಹತ್ವ ಇಲ್ಲಿದೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾನ್ಕಾರ್ಡಿಯಾ’ ಬಂಡೆಗೆ ಬಡಿದು 32 ಜನರು ಸತ್ತಾಗ, ಅದೇ ಸಂಜೆ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ನಡೆದಿರಲಿಲ್ಲ. 24 ಗಂಟೆಗಳೊಳಗೆ ನಡೆಸಿದರೆ ಸಾಕೆಂಬುದು ಅಂದಿನ ನಿಯಮವಾಗಿತ್ತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅದು ಕಡ್ಡಾಯ. ನಿಯಮಗಳ ಹಿಂದೆ ಸಾಮಾನ್ಯವಾಗಿ ಯಾರದೋ ಸಾವು ಇರುತ್ತದೆ. ಅವನ್ನು ಕಿರುಕುಳವೆಂದು ಭಾವಿಸುವವರು ಇದನ್ನು ಮರೆಯಬಾರದು.

ನಿಯಮಗಳು ಉತ್ತರಿಸದ ಪ್ರಶ್ನೆ

ಇಷ್ಟೆಲ್ಲ ಶಿಸ್ತು ಇರುವಲ್ಲಿ ಇನ್ನೇನು ಕೊರತೆ? ಒಮ್ಮೆಗೆ ದಡದಲ್ಲಿ ಎಷ್ಟು ಜನ ಎಂಬುದಕ್ಕೆ ಮಿತಿಯಿದೆ. ಇಡೀ ವರ್ಷದಲ್ಲಿ ಒಟ್ಟು ಎಷ್ಟು ಜನ ಎಂಬುದಕ್ಕೆ ಮಿತಿಯೇ ಇಲ್ಲ. ನೂರು ಜನ ಶಿಸ್ತಿನಿಂದ ಇಳಿದು ಮರಳುತ್ತಾರೆ; ಅವರ ಹಿಂದೆ ಇನ್ನೊಂದು ನೂರು. ಪ್ರತಿಯೊಬ್ಬನೂ ನಿಯಮ ಪಾಲಿಸಿಯೂ ಒಟ್ಟು ಭಾರ ಏರುತ್ತಲೇ ಹೋಗುತ್ತದೆ. 2022ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ಹಡಗುಗಳ ಹೊಗೆಯ ಕಪ್ಪು ಮಸಿ ಹಿಮದ ಮೇಲೆ ಕುಳಿತು ಬಿಸಿಲನ್ನು ಹೀರುವುದರಿಂದ, ಒಬ್ಬೊಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮ ಬೇಗನೆ ಕರಗುತ್ತದೆಂದು ಅಂದಾಜಿಸಿತು. ಬೂಟನ್ನು ಎಷ್ಟು ತೊಳೆದರೂ ಹೋಗದ ಹೆಜ್ಜೆಗುರುತು ಇದು. ಉಷುವಾಯಿಯಾದವರೆಗಿನ ವಿಮಾನಯಾನದ ಹೊಗೆ ಇದರ ಲೆಕ್ಕಕ್ಕೇ ಬರುವುದಿಲ್ಲ.

2024ರ ಮೇ ತಿಂಗಳಲ್ಲಿ ಒಪ್ಪಂದ ರಾಷ್ಟ್ರಗಳ 46ನೇ ಸಮಾಲೋಚನಾ ಸಭೆ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಪ್ರವಾಸೋದ್ಯಮವನ್ನು ನಿಯಂತ್ರಿಸುವ ಸಮಗ್ರ ಚೌಕಟ್ಟಿನ ಬಗ್ಗೆ ಚರ್ಚೆ ಆರಂಭವಾಯಿತು. ಒಮ್ಮತವಿಲ್ಲದೆ ಅಲ್ಲಿ ಯಾವ ನಿರ್ಣಯವೂ ಆಗದು. ಅದಕ್ಕೂ ಮುನ್ನ 2022ರಲ್ಲಿ ಸಂಸತ್ತು ಭಾರತೀಯ ಅಂಟಾರ್ಕ್ಟಿಕ್ ಕಾಯಿದೆಯನ್ನು ಅಂಗೀಕರಿಸಿ, ಭಾರತದಿಂದ ಹೊರಡುವ ಯಾತ್ರೆಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು.

ಜನವಸತಿಯಿರುವ ಕಡೆ ಈ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಸುಮಾರು 32,000 ಜನಸಂಖ್ಯೆಯ ಅಲಾಸ್ಕಾದ ಜೂನೋ ಪಟ್ಟಣಕ್ಕೆ 2023ರಲ್ಲಿ 16 ಲಕ್ಷಕ್ಕೂ ಹೆಚ್ಚು ಹಡಗು ಪ್ರವಾಸಿಗಳು ಬಂದರು. ಪಟ್ಟಣದ ಆಡಳಿತ ಹಡಗು ಕಂಪನಿಗಳೊಡನೆ ಮಾತುಕತೆ ನಡೆಸಿ, 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗುಗಳೆಂದು ಒಪ್ಪಿಸಿತು. ಶನಿವಾರಗಳಂದು ದೊಡ್ಡ ಹಡಗುಗಳೇ ಬೇಡವೆಂಬ ಪ್ರಸ್ತಾಪವನ್ನು ಮಾತ್ರ ಅದೇ ವರ್ಷ ಮತದಾರರು ತಿರಸ್ಕರಿಸಿದರು. ಅಂಗಡಿ, ಬಸ್ಸು, ಹೋಟೆಲುಗಳ ಜೀವನೋಪಾಯ ಅದರಲ್ಲಿತ್ತು. ತೀರ್ಮಾನ ಯಾವುದೇ ಇರಲಿ, ಅದನ್ನು ಕೈಗೊಂಡವರು ಆ ಊರಿನವರು.

ಇತ್ತ ಘಟ್ಟದ ಬುಡದ ನವಮಂಗಳೂರು ಬಂದರಿಗೂ ಪ್ರವಾಸಿ ಹಡಗುಗಳು ಬರುತ್ತವೆ; ಇಳಿದವರು ಮೂಡುಬಿದಿರೆ, ಕಾರ್ಕಳಗಳನ್ನು ನೋಡಿ ಸಂಜೆಗೆ ಮರಳುತ್ತಾರೆ. ಘಟ್ಟದ ಮೇಲಿನ ಒತ್ತಡ ಹಡಗಿನದಲ್ಲ, ವಾರಾಂತ್ಯದ ವಾಹನಗಳದು. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಜನಜಂಗುಳಿ ಸಾಲುಗಟ್ಟಿ ನಿಂತ ದೃಶ್ಯವನ್ನು ನಾಡೇ ನೋಡಿತು. ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ಮುಂಗಡ ನೋಂದಣಿಯನ್ನೂ ದಿನದ ಮಿತಿಯನ್ನೂ ತಂದಿತು. ಹೆಜ್ಜೆ ಸರಿಯಾದುದೇ. ಆದರೆ ಆ ಮಿತಿಯನ್ನು ಯಾವ ಆಧಾರದ ಮೇಲೆ ನಿಗದಿಪಡಿಸಬೇಕು, ಹೊಳೆಯ ನೀರು, ಕಸದ ವಿಲೇವಾರಿ, ಕಾಡಿನ ಪ್ರಾಣಿಗಳ ಮರಿಹಾಕುವ ಕಾಲ ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಯಾರು ಎಂಬುದನ್ನು ಊರಿನವರೇ ಕೇಳಬೇಕು.

ವಿದ್ಯಾರ್ಥಿಗಳು ಮುಂದೆ ಪ್ರವಾಸಿಗಳಾಗಿ ಎಲ್ಲಿಗೇ ಹೋಗಲಿ, ಹಣ ಕಟ್ಟುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬೆಳೆಸಿಕೊಳ್ಳಬೇಕು: ಎಷ್ಟು ಜನರ ಗುಂಪು? ಕಸ ಮತ್ತು ಕೊಳಚೆ ಎಲ್ಲಿಗೆ ಹೋಗುತ್ತದೆ? ಅಪಾಯವಾದರೆ ನೆರವು ಎಷ್ಟು ದೂರದಲ್ಲಿದೆ? ಆ ಸ್ಥಳದವರು ಇದಕ್ಕೆ ಒಪ್ಪಿದ್ದಾರೆಯೆ? ಉತ್ತರ ದೊರೆಯದಿದ್ದರೆ ಹೋಗದಿರುವುದೂ ಒಂದು ಆಯ್ಕೆಯೇ.

ಗ್ರಾಮಸ್ಥರ ಹೊಣೆ ಇನ್ನೂ ದೊಡ್ಡದು. ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳಿಗೆ ಸಭೆ ಸೇರಿ ಸಾಕು ಎನ್ನುವ ಶಕ್ತಿಯಿಲ್ಲ. ಅವುಗಳ ಪರವಾಗಿ ದೂರದ ರಾಷ್ಟ್ರಗಳು ವರ್ಷಗಟ್ಟಲೆ ಚರ್ಚಿಸಬೇಕು. ಬೆಟ್ಟದ ಊರುಗಳಿಗೆ ಗ್ರಾಮಸಭೆಯಿದೆ. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ, ಈ ಬೆಟ್ಟಕ್ಕೆ, ಈ ಜಲಪಾತಕ್ಕೆ ದಿನಕ್ಕೆ ಎಷ್ಟು ಜನ ಎಂಬ ಒಂದು ವಿಷಯ ಸೇರಲಿ. ಮಿತಿಯನ್ನು ಮೊದಲು ಊರು ಹೇಳಿದರೆ, ಇಲಾಖೆಯೂ ಪ್ರವಾಸಿಯೂ ಅದನ್ನು ಕೇಳಿಸಿಕೊಳ್ಳುವ ಕಾಲ ಬಂದೀತು.